ವೇಟಿಂಗಿನ ನರ್ಸಮ್ಮ

ನನಗೆ ನರ್ಸಿಂಗ್ ಸೀಟು ಕೊಟ್ಟಿದ್ದು ಕಾಲೇಜಲ್ಲ, ನಮ್ಮೂರ ದೇವಿ. ಕಾಲೇಜಿನವರು ಕೊಟ್ಟಿದ್ದು ಬರೀ ವೇಟಿಂಗ್ ನಂಬರು. ಆದರೆ ನಮ್ಮೂರು ಅಘನಾಶಿನಿಯಲ್ಲಿ ಕಾಲೇಜಿನವರ ಮಾತು ಯಾರಿಗೆ ಬೇಕು? ನನ್ನ ಹೆತ್ತ ಆಯಿ ಗ್ರಾಮದೇವಿಯ ಗುಡಿಗೆ ಹೋಗಿ ಪ್ರಸಾದ ಕೇಳಿದಳು, ಹೂವು ಬಲಕ್ಕೆ ಬಿತ್ತು, ಮುಗಿಯಿತು ಕಥೆ. ಗುಡಿಯಿಂದ ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಸಿಕ್ಕ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು: "ನಮ್ ಹುಡ್ಗಿಗೆ ನರ್ಸಿಂಗ್ ಸೀಟ್ ಆತು."

ನಮ್ಮ ಕಡೆ ಪ್ರಸಾದ ಕೇಳದೆ ಯಾರೂ ಏನೂ ಮಾಡುವುದಿಲ್ಲ. ಗುಡಿಯ ಪೂಜೆ ಮಾಡುವ ಗುನಗರು ಒದ್ದೆ ಹೂವಿನ ಎಸಳುಗಳನ್ನು ದೇವಿಯ ಮೈಯ ಎರಡೂ ಕಡೆ ಅಂಟಿಸುತ್ತಾರೆ. ನಾವು ಹೇಳಿದ ಪ್ರಶ್ನೆಯನ್ನು ಅವರು ದೊಡ್ಡ ದನಿಯಲ್ಲಿ ದೇವಿಗೆ ಕೇಳುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆಗೂ ಅದೇ, ಬಾವಿ ತೋಡುವುದಕ್ಕೂ ಅದೇ, ಕಳೆದುಹೋದ ಎಮ್ಮೆಗೂ ಅದೇ. ಆ ದಿನ ಆಯಿ ಕೇಳಿಸಿದ್ದು "ಮಗಳಿಗೆ ಸೀಟು ಸಿಕ್ತದಾ?" ಅಂತ. ಹೂವು ಬಿದ್ದ ಮೇಲೆ ನಾನೇ ಗುನಗರನ್ನು ಕೇಳಿದೆ, "ಯಾವಾಗ ಸಿಕ್ತದಂತೆ?"

ಅವರು ಕೈ ಒರೆಸಿಕೊಳ್ಳುತ್ತ ನಕ್ಕರು. "ಸಿಕ್ತದೆ ಅಂದಾಳೆ ತಾಯಿ. ಯಾವಾಗ ಅಂತ ನಿನ್ ಆಯಿ ಕೇಳ್ಲಿಲ್ಲ ತಂಗಿ. ಕೇಳಿದ್ದಕ್ಕೆ ಮಾತ್ರ ಅವ್ಳು ಉತ್ತರ ಕೊಡೂದು."

ಕಾಲೇಜು ಹೊನ್ನಾವರದ ಕಡೆ. ನಾನು ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಅಪ್ಪ ತದಡಿ ಬಂದರಿನಿಂದ ಹೊರಡುವ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿ. ಸಮುದ್ರದಲ್ಲಿ ಹುಲಿ, ನೆಲದ ಮೇಲೆ ಯಾವ ಆಫೀಸಿಗೆ ಹೋದರೂ ಬಾಗಿಲ ಹತ್ತಿರವೇ ನಿಂತುಬಿಡುವ ಮನುಷ್ಯ. ಕೌಂಟರಿನ ಹೆಂಗಸು ನಮ್ಮ ಮುಖ ಕೂಡ ನೋಡದೆ ಹೇಳಿದಳು, "ವೇಟಿಂಗಲ್ಲಿ ಮೂರನೇ ನಂಬರು. ಯಾರಾದ್ರೂ ಬಿಟ್ರೆ ನಾವೇ ಫೋನ್ ಮಾಡ್ತೇವೆ. ನೀವು ಮಾಡ್ಬೇಡಿ." ಅಪ್ಪ ಅವಳಿಗೆ ಕೈ ಮುಗಿದ. ನನಗೆ ಮೈಯೆಲ್ಲ ಉರಿಯಿತು.

ಅಲ್ಲೇ ಬೆಂಚಿನ ಮೇಲೆ ನನ್ನ ಹಿಂದಿನ ನಂಬರಿನವಳು ಕೂತಿದ್ದಳು. ಭಟ್ಕಳದ ಹತ್ತಿರ ಮುಟ್ಟಳ್ಳಿಯವಳು, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಮೊದಲ ಮಾತಿಗೇ "ಅಕ್ಕಾ" ಅಂದಳು. ಇಬ್ಬರೂ ಫೋನ್ ನಂಬರು ಬದಲಾಯಿಸಿಕೊಂಡೆವು. ಆಮೇಲೆ ದಿನಾ ಬೆಳಿಗ್ಗೆ ಮೆಸೇಜು: "ಎಂತ ಸುದ್ದಿ ಅಕ್ಕಾ? ಯಾರಾದ್ರೂ ಬಿಟ್ರಾ?" ನಾನು "ಇಲ್ಲ ಮಾರಾಯ್ತಿ" ಅಂತ ಬರೆಯುತ್ತಿದ್ದೆ. ಪಾಪ, ಒಳ್ಳೆ ಹುಡುಗಿ ಅಂದುಕೊಂಡಿದ್ದೆ. ಮೇಲಿನವಳು ಒಬ್ಬಳು ಜಾರಿಬಿದ್ದರೆ ಸಾಕು, ನಾನು ಒಂದು ಮೆಟ್ಟಿಲು ಮೇಲೆ ಹೋಗುತ್ತೇನೆ ಅಂತ ನಾನು ಲೆಕ್ಕ ಹಾಕುತ್ತಿದ್ದೆನಲ್ಲ, ನನ್ನ ಕಾಲು ಯಾವಾಗ ಜಾರುತ್ತದೆ ಅಂತ ಅವಳೂ ನೋಡುತ್ತಿದ್ದಾಳೆ ಅನ್ನುವುದು ಎಷ್ಟೋ ದಿನ ನನಗೆ ಹೊಳೆಯಲೇ ಇಲ್ಲ.

ನನ್ನ ಮುಂದಿದ್ದ ಇಬ್ಬರ ಮುಖ ನಾನು ನೋಡಿದವಳಲ್ಲ. ಆದರೂ ಅವರಿಗೆ ನಾನು ಬಯಸದ್ದೇ ಇಲ್ಲ. ಒಬ್ಬಳಿಗೆ ದುಬೈಯ ಗಂಡು ಬರಲಿ. ಇನ್ನೊಬ್ಬಳಿಗೆ ರಕ್ತ ಕಂಡರೆ ತಲೆ ತಿರುಗಲಿ. ಸ್ನಾನ ಮಾಡುವಾಗ, ಪಾತ್ರೆ ತಿಕ್ಕುವಾಗ ಇದೇ ಜಪ. ವೇಟಿಂಗ್ ಅಂದರೆ ಸುಮ್ಮನೆ ಕಾಯುವುದು ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ಬಾರಿಸಬೇಕು.

ಊರು ಸುಮ್ಮನಿರುತ್ತದಾ? ಹೂವು ಬಲಕ್ಕೆ ಬಿದ್ದ ಸುದ್ದಿ ಎಲ್ಲರಿಗೂ ಗೊತ್ತು. ಮೊದಮೊದಲು "ನರ್ಸಮ್ಮ" ಅಂತ ಮರ್ಯಾದೆಯಿಂದಲೇ ಕರೆದರು. ಮೊಣಕಾಲು ನೋವು ಅಂತ ಒಬ್ಬಳು ಬಂದಳು, ಮಾತ್ರೆ ಬೆಳಿಗ್ಗೆಯದೋ ಸಂಜೆಯದೋ ಅಂತ ಕೇಳಲು ಇನ್ನೊಬ್ಬಳು ಬಂದಳು. ಮಳೆ ಜೋರು ಹಿಡಿದರೂ ನಾನು ಮನೆಯಲ್ಲೇ ಇದ್ದದ್ದು ಕಂಡಾಗ ಮರ್ಯಾದೆ ಇಳಿಯಿತು. ಕುಮಟೆಯ ಬಸ್ಸಿಗೆ ಕಾಯುತ್ತ ನಿಂತರೆ ಯಾರಾದರೊಬ್ಬರು ಹೇಳಿಯೇ ಹೇಳುವರು, "ಬಸ್ಸೂ ಬಂತು, ನಿನ್ ಸೀಟ್ ಬರ್ಲಿಲ್ಲ ಅಲ್ದನೆ ನರ್ಸಮ್ಮ?" ಸುತ್ತ ನಿಂತವರು ಕಿಸಕ್ಕೆಂದು ನಗುವರು. ನಾನೂ ಹಲ್ಲು ಕಿರಿಯುತ್ತಿದ್ದೆ. ಹಲ್ಲು ಕಿರಿಯದಿದ್ದರೆ ಕೊಬ್ಬು ಅನ್ನುತ್ತಿದ್ದರು.

ಇದರ ನಡುವೆ ಅಜ್ಜಿಗೆ ಲಕ್ವ ಹೊಡೆಯಿತು.

ಅಜ್ಜಿ ಅಂದರೆ ಅಪ್ಪನ ಆಯಿ. ಒಂದು ಕೈ, ಒಂದು ಕಾಲು ಸತ್ತುಹೋದವು. ನಾಲಗೆ ಮಾತ್ರ ಮೊದಲಿಗಿಂತ ಚುರುಕಾಯಿತು. ಕುಮಟೆಯ ಆಸ್ಪತ್ರೆಯಿಂದ ಕರೆತಂದು ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಮಲಗಿಸಿದ ಮೇಲೆ ಆಯಿ ಬಾಗಿಲಿನಲ್ಲೇ ನಿಂತು ನನಗೆ ಹೇಳಿದಳು, "ನೀ ಹೆಂಗೂ ನರ್ಸ್ ಆಗೂದೇ ಅಲ್ದನೆ? ಇಲ್ಲೇ ಕಲ್ತ್ಕ. ಅವ್ಳ ಮೈ ನಾ ಮುಟ್ಟೂದಿಲ್ಲ."

ಆಯಿ ಹಾಗೆ ಹೇಳಿದ್ದಕ್ಕೆ ಕಾರಣ ನಾನೇ. ನಾನು ಹುಟ್ಟಿದಾಗ ಅಜ್ಜಿ "ಹೆಣ್ಣು ಹೆತ್ತವ್ಳಿಗೆ ಎಂತ ಬಾಣಂತನ?" ಅಂದು, ಹಸಿ ಬಾಣಂತಿಯನ್ನು ಹೊಳೆಗೆ ಬಳಚು ಹೆಕ್ಕಲು ಕಳಿಸಿದ್ದಳು. ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ಕೆಸರು ನೀರಲ್ಲಿ ನಿಂತು, ಕಾಲಿನಲ್ಲಿ ತಡವಿ ಚಿಪ್ಪುಮೀನು ಎತ್ತುವ ಕೆಲಸ ಅದು. ಎದೆಹಾಲು ಸೀರೆಗೆ ಸೋರುತ್ತಿತ್ತಂತೆ. ಆವತ್ತಿನಿಂದ ಆಯಿ ಅತ್ತೆಗೆ ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಸೇಡು ತೀರಿಸಿಕೊಳ್ಳಲು ಅವಳಿಗೆ ದೇವರು ಕೊಟ್ಟ ಅವಕಾಶ ಇದು. ಆದರೆ ತೀರಿಸಿಕೊಂಡದ್ದು ನನ್ನ ಸೊಂಟದ ಮೇಲೆ.

ನಾನು ಕಲಿತೆ. ಫೋನಿನಲ್ಲಿ ವಿಡಿಯೋ ನೋಡಿ ರೋಗಿಯನ್ನು ಮಗ್ಗುಲು ಹೊರಳಿಸುವುದು ಕಲಿತೆ. ಬೆನ್ನಿನಲ್ಲಿ ಹುಣ್ಣಾಗದ ಹಾಗೆ ನೋಡಿಕೊಳ್ಳುವುದು, ಗಂಜಿ ನೆತ್ತಿಗೆ ಹತ್ತದ ಹಾಗೆ ತಲೆ ಎತ್ತಿ ಹಿಡಿಯುವುದು, ಹೇಲು ಉಚ್ಚೆ ಬಳಿಯುವಾಗ ಉಸಿರು ಬಾಯಲ್ಲಿ ಬಿಡುವುದು, ಎಲ್ಲ ಬಂತು. ಅಜ್ಜಿಗೆ ಮಾತ್ರ ನನ್ನ ಯಾವ ಕೆಲಸವೂ ಸಮ ಬರಲಿಲ್ಲ. ಗಂಜಿ ಬಿಸಿಯಿದ್ದರೆ "ಸುಟ್ಟು ಕೊಲ್ತಿಯಾ?" ಅನ್ನುವಳು, ಆರಿದರೆ ಮುಖಕ್ಕೆ ಉಗಿಯುವಳು. ಸರಿಯಿದ್ದ ಎಡಗೈಯಿಂದ ನನ್ನ ತೋಳು ಚಿವುಟುವಳು.

"ನೀ ನರ್ಸ್ ಆದ್ರೆ ಊರಿನ ಸುಡುಗಾಡಿಗೆ ಜಾಗ ಸಾಲೂದಿಲ್ಲ."

"ಮೊದ್ಲ ಜಾಗ ನಿಂಗೇ ಹಿಡ್ದಿಡ್ತೆ, ಸುಮ್ನೆ ಮಲ್ಕ" ಅಂತ ನಾನೂ ತಿರುಗಿಸಿ ಕೊಡುತ್ತಿದ್ದೆ. ಆಕೆಯ ಮೇಲೆ ನನಗೆ ಪ್ರೀತಿ ಇತ್ತು ಅಂತ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ವಾಸನೆ ನನ್ನ ಕೈಯಿಂದ ಹೋಗುತ್ತಿರಲಿಲ್ಲ. ಲಿಂಬೆಹಣ್ಣು ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಕೈ ಮೂಗಿನ ಹತ್ತಿರ ಬರಬಾರದೆಂದು ಚಮಚದಲ್ಲಿ ತಿನ್ನುತ್ತಿದ್ದೆ. ಆದರೂ ಒಂದು ಹುಚ್ಚು ಧೈರ್ಯ ಇತ್ತು: ಇದೆಲ್ಲ ಸೀಟು ಬರುವ ತನಕ ತಾನೇ.

ಸೀಟು ಬಂತು. ಅಜ್ಜಿಯ ಬಟ್ಟೆ ಹಿಂಡುತ್ತಿದ್ದಾಗ ಫೋನು ಹೊಡೆದುಕೊಂಡಿತು. ಅದೇ ಕೌಂಟರಿನ ಹೆಂಗಸು, ಅದೇ ದನಿ. "ಒಂದು ಸೀಟು ಖಾಲಿಯಾಗಿದೆ, ನಿಮ್ಮ ನಂಬರು ಬಂದಿದೆ. ಶನಿವಾರದೊಳಗೆ ತಂದೆಯವರನ್ನು ಕರ್ಕೊಂಡು ಬಂದು ಅಡ್ಮಿಷನ್ ಮಾಡ್ಸಿ. ಇಲ್ಲಾಂದ್ರೆ ಮುಂದಿನವರಿಗೆ ಕೊಡ್ತೇವೆ."

ಒದ್ದೆ ಕೈಯಲ್ಲೇ ಕೋಣೆಗೆ ಓಡಿದೆ. ಮನೆಯಲ್ಲಿ ಇದ್ದದ್ದು ಅಜ್ಜಿ ಒಬ್ಬಳೇ, ಹೇಳಿದ್ದೂ ಅವಳಿಗೇ. "ಅಜ್ಜೀ, ನಂಗೆ ಸೀಟ್ ಸಿಕ್ತು!" ಅವಳು ಸೂರು ನೋಡುತ್ತಲೇ, "ಹಂಗಾರೆ ನಾಳೆಯಿಂದ ನನ್ನ ಯಾರ್ ಸಾಯ್ಸ್ತಾರೆ?" ಅಂದಳು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಆ ಮಾತಿಗೂ ಗೊಳ್ಳೆಂದು ನಕ್ಕುಬಿಟ್ಟೆ.

ಆಯಿ ಹೊಳೆಯಿಂದ ಬಂದಳು, ತಲೆಯ ಮೇಲೆ ಬಳಚಿನ ಬುಟ್ಟಿ. ಸುದ್ದಿ ಹೇಳಿದೆ. ಬುಟ್ಟಿ ಇಳಿಸಲಿಲ್ಲ ಅವಳು. ಅಜ್ಜಿಯ ಕೋಣೆಯ ಬಾಗಿಲು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬಾಗಿಲು ನೋಡಿದಳು. ನಾನು ಹೋದರೆ ಆ ಕೋಣೆಯೊಳಗೆ ಹೋಗಬೇಕಾದವಳು ಅವಳೇ ಅಲ್ಲವೇ.

"ಪ್ರಸಾದ ಕೇಳ್ಬೇಕು" ಅಂದಳು.

"ಕೇಳಿ ಆಗಿತ್ತಲ್ಲ ಆಯಿ! ಬಲಕ್ಕೆ ಬಿದ್ದಿತ್ತಲ್ಲ!"

"ಅದು ಸೀಟ್ ಸಿಕ್ಕೂಕೆ ಕೇಳಿದ್ದು. ಇದು ಹೋಗೂಕೆ."

ಮರುದಿನ ಬೆಳಿಗ್ಗೆ ಹೋದೆವು. ಅಪ್ಪನೂ ಬೋಟಿನಿಂದ ಬಂದಿದ್ದ, ಹೆಗಲಿಗೆ ಹೊಸ ಟವೆಲು ಹಾಕಿಕೊಂಡಿದ್ದ. ನಾನು ಮುಟ್ಟಾಗಿದ್ದೆ, ಗುಡಿಯ ಒಳಗೆ ಹೋಗುವ ಹಾಗಿರಲಿಲ್ಲ. ಹೊರಗೆ ದೂರದಲ್ಲಿ ಹಲಸಿನ ಮರದ ಕೆಳಗೆ ನಿಂತೆ. ಗುನಗರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಹೂವು ಬೀಳಲಿಲ್ಲ. ನಾನು ಮರದ ತೊಗಟೆಗೆ ಉಗುರು ಊರಿ, "ಬಲಕ್ಕೆ, ಬಲಕ್ಕೆ, ಬಲಕ್ಕೆ ಕೊಡೆ ತಾಯಿ" ಅಂತ ಬೇಡಿಕೊಂಡೆ. ಆಮೇಲೆ ಗಂಟೆ ಬಾರಿಸಿದರು. ಅಪ್ಪ ಎರಡೂ ಕೈ ಎತ್ತಿ ಮುಗಿದ. ಗುನಗರು ಬಲಗಡೆಯಿಂದ ಎಸಳು ಹೆಕ್ಕಿ ಆಯಿಯ ಸೆರಗಿಗೆ ಹಾಕಿದರು.

ನಾನು ನಿಂತಲ್ಲೇ ಕುಣಿದೆ. ನಿಜವಾಗಿ ಕುಣಿದೆ, ದಾರಿಯಲ್ಲಿ ಹೋಗುವವರು ನೋಡಿದರು. ಮುಟ್ಟಳ್ಳಿಯವಳಿಗೆ ಮೆಸೇಜ್ ಕೂಡ ಹಾಕಿಬಿಟ್ಟೆ: "ನಾ ಸೇರೂಕೆ ಹೋಗ್ತೆ. ಇನ್ ನಿಂದೇ ಪಾಳಿ."

ಆಯಿ ಹೊರಗೆ ಬಂದಳು. "ಬಲಕ್ಕೆ ಬಿತ್ತು."

"ಕಂಡೆ, ಕಂಡೆ! ಹಂಗಾರೆ ನಾಳೆನೇ ಹೋಗ್ವಾ, ಆಯಿ?"

ಅವಳು ಸೆರಗಿನ ಗಂಟು ಬಿಗಿ ಮಾಡಿದಳು. ಅಪ್ಪ ನೆಲ ನೋಡುತ್ತಿದ್ದ.

"ಎಂತ ಅಂತ ಕೇಳ್ದೆ ಆಯಿ?"

"ಅತ್ತೆ ಇರೂ ತನಕ ಮಗ್ಳು ಮನೇಲೇ ಇರ್ಬೇಕಾ ಅಂತ ಕೇಳ್ದೆ."

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಆಯಿಯನ್ನು ಬೈದೆ, ದೇವಿಯನ್ನೂ ಬೈದೆ. ಗುನಗರು ಮೆಟ್ಟಿಲಲ್ಲಿ ನಿಂತು, "ನಂಗೆ ಎಂತ ಕೇಳೂಕೆ ಹೇಳ್ದ್ರೋ ಅದ್ನೇ ಕೇಳ್ದೆ ತಂಗಿ" ಅಂದು ಒಳಗೆ ಹೋದರು. ನಾನು ಅಪ್ಪನ ಟವೆಲು ಹಿಡಿದು ಎಳೆದೆ. "ನೀ ಬಾ ಅಪ್ಪ, ನಾವಿಬ್ರೇ ಹೋಗ್ವ. ಒಂದ್ ಸಹಿ ಹಾಕು, ಸಾಕು."

ಅಪ್ಪ ಟವೆಲು ಬಿಡಿಸಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಮೆಲ್ಲಗೆ ಹೇಳಿದ, "ದೇವಿ ತಾಯಿ ಮಾತ್ ಮೀರಿ ನಾ ಬೋಟ್ ಹತ್ತೂದ್ ಹೆಂಗೆ ಮಗಾ? ನಾ ಒಬ್ನೇ ಅಲ್ಲ, ಬೋಟಲ್ಲಿ ಬೇರೆಯವ್ರೂ ಇರ್ತಾರೆ."

ನಾನು ಟವೆಲು ಬಿಟ್ಟೆ. ನಾನು ಹಟ ಮಾಡಿ ಹೋಗಿ, ಆ ವರ್ಷ ಸಮುದ್ರದಲ್ಲಿ ಏನಾದರೂ ಆದರೆ? ನಾನು ದೇವಿಯನ್ನು ನಂಬದಿದ್ದರೂ ತದಡಿಯ ಬಂದರು ಇಡೀ ನಂಬುತ್ತದೆ. ಯಾವ ಹೆಣ ತೇಲಿದರೂ ನನ್ನ ಹೆಸರೇ ಹೇಳುತ್ತಾರೆ. ಆಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ "ಹೋಗ್ಬೇಡ" ಅಂದಿದ್ದರೆ ನಾನು ಜಗಳ ಮಾಡಿ ಹೋಗುತ್ತಿದ್ದೆ. ಅದಕ್ಕೇ ಅವಳು ದೇವಿಯ ಬಾಯಲ್ಲಿ ಹೇಳಿಸಿದಳು.

ಮನೆಗೆ ಬಂದು ಅಜ್ಜಿಯನ್ನು ಮಗ್ಗುಲು ಹೊರಳಿಸುವಾಗ ನನ್ನ ಕಣ್ಣೀರು ಅವಳ ಬೆನ್ನ ಮೇಲೆ ಬಿತ್ತು. ಜಗಲಿಯಲ್ಲಿ ಮತ್ತೆ ಎದ್ದ ಜಗಳವೆಲ್ಲ ಅವಳಿಗೆ ಕೇಳಿಸಿತ್ತು.

"ನನ್ನ ಒಂದ್ ಮಾತ್ ಕೇಳ್ಲಿಲ್ಲ" ಅಂದಳು ಗೋಡೆ ನೋಡುತ್ತ. "ಕೇಳಿದ್ರೆ ಹೇಳ್ತಿದ್ದೆ. ಈ ಹುಡ್ಗಿ ಕೈ ಒರಟು, ಇದ್ನ ಎಲ್ಲಾದ್ರೂ ಕಳ್ಸಿ ಅಂತ."

ಅಜ್ಜಿ ಜೀವಮಾನದಲ್ಲಿ ನನಗೆ ಆಡಿದ ಒಳ್ಳೆಯ ಮಾತು ಅದೊಂದೇ. ನಾನು ಹಾಸಿಗೆ ಬದಲಾಯಿಸಿದೆ.

ಶನಿವಾರ ನಾನೇ ಕಾಲೇಜಿಗೆ ಫೋನ್ ಮಾಡಿ ಬರುವುದಿಲ್ಲ ಅಂದೆ. "ಆಯ್ತು" ಅಂದಳು ಆ ಹೆಂಗಸು. ಯಾಕೆ ಅಂತಲೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಟ್ಟಳ್ಳಿಯವಳ ಫೋನು. ಖುಷಿಗೆ ಅಳುತ್ತಿದ್ದಳು. "ಅಕ್ಕಾ, ನೀ ಸೇರೂಕೆ ಹೋಗ್ತೆ ಅಂದಿದ್ಯಲ್ಲ, ಎಂತಾತು? ಅವ್ರು ನಂಗೆ ಫೋನ್ ಮಾಡಿದ್ರು! ನಿನ್ ಉಪಕಾರ ಸಾಯೂ ತನಕ ಮರೆಯೂದಿಲ್ಲ ಅಕ್ಕಾ." ಎಂತಾತು ಅನ್ನುವುದಕ್ಕೆ ಉತ್ತರ ಕೇಳುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ, ಅವಳ ಅಪ್ಪ ರಿಕ್ಷಾ ತಂದಿದ್ದರಂತೆ.

ಅವಳು ಬಿಳಿ ಕೋಟು ಹಾಕಿಕೊಂಡು ನಿಂತ ಫೋಟೋ ಕಳಿಸಿದ ದಿನವೇ ಅಜ್ಜಿ ಸತ್ತಳು. ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದರೆ ಬಾಯಿ ತೆರೆದುಕೊಂಡಿತ್ತು. ಕಾಲೇಜಿಗೆ ಫೋನ್ ಮಾಡಿದೆ, ಆ ಹೆಂಗಸು ಎತ್ತಿದಳು. "ಅಡ್ಮಿಷನ್ ಮುಗಿದು ವಾರ ಆಯ್ತಮ್ಮ." ಅಜ್ಜಿಗೆ ಇನ್ನೂ ಸ್ನಾನ ಮಾಡಿಸಿರಲಿಲ್ಲ, ನಾನು ಫೋನು ಕಿವಿಗೆ ಹಿಡಿದು ಹಿತ್ತಲಲ್ಲಿ ನಿಂತಿದ್ದೆ. ಒಂದು ವಾರ! ಮುದುಕಿ ಒಂದು ವಾರ ಮೊದಲು ಕಣ್ಣು ಮುಚ್ಚಲಿಲ್ಲವಲ್ಲ ಅಂತ ಹೆಣ ಒಳಗಿರುವಾಗಲೇ ಹಲ್ಲು ಕಚ್ಚಿದೆ.

ಎಲ್ಲರಿಗಿಂತ ಜೋರಾಗಿ ಅತ್ತವಳು ಆಯಿ. ಬಂದವರೆಲ್ಲ ನನ್ನ ಬೆನ್ನು ಸವರಿದರು. "ಬೆನ್ನಲ್ಲಿ ಒಂದ್ ಹುಣ್ಣಿಲ್ಲ ನೋಡು. ಕಲ್ತ ನರ್ಸೂ ಹಿಂಗೆ ನೋಡೂದಿಲ್ಲ." ಆಯಿ ಮೂಗು ಒರೆಸಿಕೊಂಡು, "ಎಲ್ಲ ತಾಯಿ ಕೊಟ್ಟ ಬುದ್ಧಿ" ಅಂದಳು. ಅಲ್ಲೇ ಅವಳ ಜುಟ್ಟು ಹಿಡಿಯಬೇಕು ಅನ್ನಿಸಿತ್ತು ನನಗೆ.

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಆ ಸಲ ವೇಟಿಂಗಿಗೂ ಬರಲಿಲ್ಲ. ಅದರ ಮರುವರ್ಷ ಮದುವೆಯ ಮಾತು ತೆಗೆದರು, ನಾನು ಯಾವ ಗಂಡಿನ ಮುಂದೆಯೂ ಕೂರಲಿಲ್ಲ. "ಅದಕ್ಕೂ ಪ್ರಸಾದ ಕೇಳಿ, ಹೂ ಬಿದ್ದವನನ್ನ ನೀನೇ ಕಟ್ಕ" ಅಂದೆ ಆಯಿಗೆ. ಮನೆಯಲ್ಲಿ ಮಾತು ನಿಂತಿತು. ಆಮೇಲೆ ಕುಮಟೆಯ ಒಂದು ಬಟ್ಟೆಯಂಗಡಿ, ಒಂದು ಜೆರಾಕ್ಸ್ ಅಂಗಡಿ, ಹೀಗೇ ಕಳೆಯಿತು.

ಈಗ ನಾನಿರುವುದು ಭಟ್ಕಳದಲ್ಲಿ, ಒಂದು ಖಾಸಗಿ ಆಸ್ಪತ್ರೆಯ ಟೋಕನ್ ಕೌಂಟರಿನಲ್ಲಿ. ಕೆಲಸ ಕೊಡಿಸಿದವಳು ಮುಟ್ಟಳ್ಳಿಯವಳೇ. ಅವಳು ಇಲ್ಲಿ ಸ್ಟಾಫ್ ನರ್ಸ್. ಎಲ್ಲರ ಎದುರೂ "ನಮ್ ಅಕ್ಕ" ಅನ್ನುತ್ತಾಳೆ, ಊಟದ ಡಬ್ಬಿಯಲ್ಲಿ ಪಾಲು ಕೊಡುತ್ತಾಳೆ. ಜನ ಅವಳನ್ನು ಸಿಸ್ಟರ್ ಅನ್ನುತ್ತಾರೆ, ನನ್ನನ್ನು "ಏ ಮೇಡಂ, ನಮ್ಮ ನಂಬರು ಯಾವಾಗ?" ಅನ್ನುತ್ತಾರೆ. ಕನ್ನಡದಲ್ಲಿ, ಉರ್ದುವಿನಲ್ಲಿ, ನವಾಯತಿಯಲ್ಲಿ, ಕೊಂಕಣಿಯಲ್ಲಿ ಅದೊಂದೇ ಪ್ರಶ್ನೆ. ನಾನು ಮುಖ ಎತ್ತದೆ ಹೇಳುತ್ತೇನೆ, "ಕೂತ್ಕಳಿ, ಕರೀತೇವೆ." ಹೊನ್ನಾವರದ ಆ ಹೆಂಗಸಿನ ದನಿ ನನ್ನ ಗಂಟಲಿಗೆ ಹೇಗೆ ಬಂತೋ ಗೊತ್ತಿಲ್ಲ. ಮೊದಲು ಬೇಜಾರಾಗುತ್ತಿತ್ತು. ಈಗ ಒಳಗೊಳಗೇ ಹಿತವಾಗುತ್ತದೆ.

ಹೋದ ತಿಂಗಳು ಆಯಿ ಹೊಳೆಯಲ್ಲಿ ಬಳಚು ಹೆಕ್ಕುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ನಾನೂ ಹೋಗಿ ನೋಡಿ ಬಂದೆ. ಮಂಚದಿಂದ ಕಾಲು ಕೆಳಗಿಡುವ ಹಾಗಿಲ್ಲ. ಅಜ್ಜಿ ಮಲಗಿದ್ದ ಅದೇ ಕೋಣೆಯಲ್ಲಿ ಮಲಗಿಸಿದ್ದಾರೆ, ಮನೆಯಲ್ಲಿ ಬೇರೆ ಕೋಣೆ ಎಲ್ಲಿದೆ? ಅಪ್ಪ ಬೋಟು ಬಿಡುವ ಹಾಗಿಲ್ಲ. ಪಕ್ಕದ ಮನೆಯವಳು ದಿನಕ್ಕೊಮ್ಮೆ ಬಂದು ಬಟ್ಟೆ ಬದಲಾಯಿಸಿ ಹೋಗುತ್ತಾಳೆ. ಉಳಿದ ಹೊತ್ತು ಆಯಿ ಒದ್ದೆಯಲ್ಲೇ.

ಮೊನ್ನೆ ಕೌಂಟರಿನಲ್ಲಿ ಜನ ತುಂಬಿರುವಾಗ ಆಯಿಯ ಫೋನು ಬಂತು.

"ಮಗಾ, ಕೆಲ್ಸ ಬಿಟ್ ಬಾರೆ. ಬೆನ್ನೆಲ್ಲ ಉರೀತದೆ. ನಿಂಗೆ ಅಭ್ಯಾಸ ಅದೆ, ನೀ ಮುಟ್ಟಿದ್ರೆ ನಂಗೆ ನಾಚ್ಕೆ ಆಗೂದಿಲ್ಲ."

ಬೆನ್ನು ಉರಿಯುತ್ತದೆ ಅಂದರೆ ಹುಣ್ಣಾಗುತ್ತಿದೆ ಅಂತ ಅರ್ಥ. ನನಗೆ ಅದು ಗೊತ್ತು. ಯಾವ ಕಡೆ ಹೊರಳಿಸಬೇಕು, ದಿಂಬು ಎಲ್ಲಿ ಕೊಡಬೇಕು, ಎಲ್ಲ ಗೊತ್ತು. ಯಾರನ್ನೋ ಹೊರಳಿಸುವ ಹಾಗೆ ನನ್ನ ಕೈ ತಾನಾಗಿಯೇ ಟೇಬಲ್ಲಿನ ಮೇಲೆ ಆಡಿತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು, "ಪ್ರಸಾದನೂ ಕೇಳ್ಸಿದೆ. ನಿನ್ ಅಪ್ಪ ಹೋಗಿದ್ದ. ಬಲಕ್ಕೇ ಆತು."

"ಎಂತ ಅಂತ ಕೇಳ್ಸಿದೆ ಆಯಿ?"

"ಮಗ್ಳು ಮನೆಗೆ ಬತ್ತಾಳಾ ಅಂತ."

"ತಾಯಿ ಮಾತು ಸುಳ್ಳಾಗೂದಿಲ್ಲ. ಬತ್ತೆ" ಅಂದೆ. "ಯಾವಾಗ ಅಂತ ನೀ ಕೇಳ್ಸಲಿಲ್ಲ."

ಅವಳು "ಮಗಾ, ಮಗಾ" ಅನ್ನುತ್ತಿದ್ದಳು. ಫೋನು ಮಗುಚಿಟ್ಟು ಮುಂದಿನ ಟೋಕನ್ ಕರೆದೆ.